ನಡುವಿನ ನೆಂಟರು

ಲ್ಯಾಪ್‌ಟಾಪಿಗೆ ಆ ತೂತೇ ಇಲ್ಲ.
ಒಂಬತ್ತು ಪಿನ್ನಿನದು, ಎರಡೂ ಪಕ್ಕ ತಿರುಪು ಕೂರುವಂಥದ್ದು.
ಡೈರಿ ಸರ್ಕಲ್ಲಿನ ಸೈಬರ್ ಕೆಫೆ ಬಾಗಿಲು ಹಾಕಿದ ದಿನ
ನಾಲ್ಕು ಸಾವಿರಕ್ಕೆ ತಂದದ್ದು.
ತಿರುಗಿಸಿ ನೋಡಬೇಕಿತ್ತು, ನೋಡಲಿಲ್ಲ.

ಹಾಗಾಗಿ ನೆಂಟಸ್ತನ ಹುಡುಕಬೇಕಾಯಿತು:
ಯುಎಸ್‌ಬಿಗೊಂದು ನೀಲಿ ಬಾಲ,
ಬಾಲದ ತುದಿಗೆ ಒಂಬತ್ತು ಪಿನ್ನು,
ಪಿನ್ನಿಗೆ ಬೂದು ಡಬ್ಬಿ,
ಡಬ್ಬಿಯಿಂದ ಹೊರಟ ದಪ್ಪ ವೈರಿಗೆ
ಹದಿನಾರು ಪಿನ್ನಿನ ಮೂತಿ;
ಆ ಮೂತಿ ಹೋಗಿ ಕಚ್ಚುವುದು
ಸ್ಟೇರಿಂಗಿನ ಅಡಿ, ಕ್ಲಚ್ಚಿನ ಮೇಲೆ,
ಜೇಡ ಮಾತ್ರ ಬಲ್ಲ ಮೂಲೆಯಲ್ಲಿ.
ಸೋದರತ್ತೆ ಗಂಡನ ಷಡ್ಡಕನ ಭಾವಮೈದ ಬಂದು
ಎರಡು ಮನೆಯ ಮಾತು ಕುದುರಿಸಿದ ಹಾಗೆ.

ಮೊದಲ ವಾರ ಯಾರೂ ಯಾರ ಮಾತನ್ನೂ ಕೇಳಲಿಲ್ಲ.
ಕಾಮ್ ಮೂರು ಅಂದಿತು. ಐದು ಅಂದಿತು.
ಪಕ್ಕದ ತೂತಿಗೆ ಚುಚ್ಚಿದರೆ ಹನ್ನೊಂದು ಅಂದಿತು.
ಡ್ರೈವರ್ ಇಲ್ಲ, ಡ್ರೈವರ್ ಹಾಕು ಅಂತ ಹಠ.
ಸಾಲಗಾಮೆ ರಸ್ತೆಯ ಆ ಬದಿಯಿಂದ ಈ ಬದಿಗೆ
ಆಲೂಗಡ್ಡೆ ಲಾರಿಗಳು ಹೋಗುವಾಗೆಲ್ಲ ಟೇಬಲ್ಲು ನಡುಗಿ
ಬಾಲ ಸಡಿಲವಾಗಿ
ಎಲ್ಲ ಮೊದಲಿನಿಂದ.

ಮಸ್ತಾನ್ ಮೇಸ್ತ್ರಿ ನೋಡುತ್ತಲೇ ಇದ್ದರು.
ಮೊಳದುದ್ದದ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ,
ತುದಿ ಓಡುವ ಇಂಜಿನ್ನಿನ ಎದೆಗೆ.
"ನಂದೂ ಅಡಾಪ್ಟರೇ ಕಣೋ," ಅಂದರು.
"ಹೆಸರಲ್ಲೇ ಡ್ರೈವರ್ ಐತೆ. ಹಾಕೋದೇ ಬೇಡ."

ಕಡೆಗೊಂದು ಬೆಳಿಗ್ಗೆ
ಒಂಬತ್ತು ಸಾವಿರದ ಆರುನೂರು ಅಂತ ವೇಗ ಒಪ್ಪಿಸಿದ ಮೇಲೆ
ಬೂದು ಡಬ್ಬಿಯ ಕೆಂಪು ದೀಪ ಎರಡು ಸಲ ಮಿಟುಕಿತು.
ಕಾರು ಮಾತಾಡಿತು.

ಪದ್ಮರಾಜಯ್ಯನವರ ಬೂದಿ ಬಣ್ಣದ ಕೋರ್ಸಾ ಅದು.
ತಾಲ್ಲೂಕು ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು,
ಕೊಂಡ ದಿನದಿಂದ ಹಾಕಿಸಿದ ಪೆಟ್ರೋಲು ಲೀಟರ್ ಲೆಕ್ಕದಲ್ಲಿ
ಕೆಂಪು ಬೈಂಡಿನ ಪುಸ್ತಕದಲ್ಲಿದೆ.
"ಐವತ್ತು ದಾಟಿಲ್ಲಪ್ಪ ಇದು, ಒಂದು ದಿನವೂ.
ಆದರೂ ಜಗ್ಗುತ್ತೆ. ದೀಪ ಬೇರೆ ಹತ್ತಿ ಕೂತಿದೆ."

ಎರಡನೇ ಸಿಲಿಂಡರು ಉರಿ ತಪ್ಪಿದೆ ಅಂದಿತು ಕಾರು.
ಅಷ್ಟಕ್ಕೇ ನಿಲ್ಲಿಸಬಹುದಿತ್ತು.
ತಪ್ಪಿದ ಆ ಗಳಿಗೆಯನ್ನೂ ಮಡಚಿ ಇಟ್ಟುಕೊಂಡಿತ್ತು,
ಸೆರಗಿನ ತುದಿಗೆ ಗಂಟು ಹಾಕಿದ ಹಾಗೆ:
ಇಂಜಿನ್ನಿನ ನೀರು ತೊಂಬತ್ತೆಂಟು ಡಿಗ್ರಿ,
ಸುತ್ತು ಮೂರು ಸಾವಿರದ ಒಂಬೈನೂರು,
ವೇಗ ನೂರಿಪ್ಪತ್ತೇಳು.

ನಾನು ಜೋರಾಗಿ ಓದಿಬಿಟ್ಟಿದ್ದೆ.

ಎಲ್ಲರೂ ಲೋಹಿತನ ಕಡೆ ನೋಡಿದರು.
ಸಂಬಳದ ಹುಡುಗ, ತನ್ನ ಚಪ್ಪಲಿ ನೋಡಿಕೊಂಡ.
ಯಾವ ರಾತ್ರಿ, ಯಾವ ರಸ್ತೆ,
ಕಾಲಿಟ್ಟವರು ಯಾರು,
ಅದನ್ನೆಲ್ಲ ಬರೆಯುವ ಕಾಲಂ ಆ ಪೆಟ್ಟಿಗೆಗೆ ಇಲ್ಲ.
ಮೇಸ್ತ್ರಿ ಹುಡುಗನ ಕೈಗೆ ನೂರರ ನೋಟು ಕೊಟ್ಟು
ಟೀ ತರಲು ಕಳಿಸಿದರು.

ಪದ್ಮರಾಜಯ್ಯ ಕನ್ನಡಕ ಹಣೆಗೇರಿಸಿ ಪರದೆಗೆ ಬಾಗಿದರು.
ಬಹಳ ಹೊತ್ತು, ತಾಳೆಯಾಗದ ಖಾತೆ ನೋಡುವವರ ಹಾಗೆ.
ಆಮೇಲೆ, ನನಗಲ್ಲ, ಕೀಬೋರ್ಡಿಗೆ ಹೇಳಿದ ಹಾಗೆ,
"ಶಾಂತಿಗ್ರಾಮ ದಾಟಿದ ಮೇಲೆ ರಸ್ತೆ ಖಾಲಿ ಇತ್ತು."

ಮೇಸ್ತ್ರಿ ಒರೆಸಿದ ಸ್ಪಾನರನ್ನೇ ಮತ್ತೆ ಒರೆಸಿದರು.

"ಅಳಿಸೋಕಾಗುತ್ತಾ ಇದನ್ನ?"
"ಆಗುತ್ತೆ ಸಾರ್. ಮೊದಲು ಕಾಯಿಲ್ ಬದಲಾಯಿಸಬೇಕು,
ಇಲ್ಲದಿದ್ರೆ ಮತ್ತೆ ಬರೆದುಕೊಳ್ಳುತ್ತೆ."
ಬದಲಾಯಿಸಿದೆವು.
ಸಾವಿರದ ಎಂಟುನೂರೈವತ್ತು ಕೆಂಪು ಪುಸ್ತಕಕ್ಕೆ ಹೋಯಿತು,
ತಾರೀಖಿನ ಸಮೇತ. ಬೇರೇನೂ ಹೋಗಲಿಲ್ಲ.
ಖಚಿತವೇ ಅಂತ ಯಂತ್ರ ಕೇಳಿತು,
ನಾನು ಅವರ ಮುಖ ನೋಡಿದೆ,
ಅವರು ತಲೆಯಾಡಿಸಿದರು. ಒತ್ತಿದೆ.
ದೀಪ ಆರಿತು.

ಮೂತಿ ಕಿತ್ತೆ, ಡಬ್ಬಿ ಕಿತ್ತೆ, ಬಾಲ ಸುತ್ತಿಟ್ಟೆ,
ಮಾತು ಮುಗಿದ ಮನೆಯಿಂದ ಹೊರಡುವ
ನೆಂಟರ ಹಾಗೆ ಒಬ್ಬೊಬ್ಬರನ್ನೇ.

ಕಾರಿನ ಬಾಗಿಲು ಹಿಡಿದು ನಿಂತವರು ತಿರುಗಿದರು:
"ನೂರಿಪ್ಪತ್ತೇಳು ಅಂದೆಯಲ್ಲ?"
"ಹೂಂ ಸಾರ್."
"ಮುಳ್ಳು ನೂರಮೂವತ್ತೈದು ತೋರಿಸಿತ್ತಪ್ಪ,"
ಅಂದರು, ಯಾರೋ ಎಂಟು ರೂಪಾಯಿ
ಕಡಿಮೆ ಕೊಟ್ಟವರ ಹಾಗೆ.

ಲೋಹಿತ ನಾಲ್ಕು ಲೋಟ ಟೀ ತಂದ.
ತನಗೆ ತಂದಿರಲಿಲ್ಲ.
ಪದ್ಮರಾಜಯ್ಯ ತಮ್ಮದನ್ನು ಅವನ ಕೈಗಿಟ್ಟು
ಹಿಂದಿನ ಸೀಟಿನಲ್ಲಿ ಹೋಗಿ ಕೂತರು.