ಕೈಗೆ ಗೊತ್ತು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ,
ಕಾರವಾರದ ಡಾಂಬರು ಚಪ್ಪಲಿಗೆ ಅಂಟುವ ಹೊತ್ತು,
ನಾನು ಉಣ್ಣೆಯ ಕೈಗವಸು ಕೇಳಿದೆ.

ಅಂಗಡಿಯ ಲೋಲಿಯೇಕರರ ಮಗ
ಫ್ಯಾನಿನ ಕೆಳಗಿಂದ ಏಳದೆ ನಕ್ಕ:
"ಏನ್ ಬಾಯೀ, ಕಾಶ್ಮೀರಕ್ಕೆ ಹೊರಟ್ರಾ?"
ಇಲ್ಲಪ್ಪ, ಬೈತಖೋಲಕ್ಕೆ.
ಬಂದರದ ಹಿಂದಿನ ಮೀನಿನ ಕೋಲ್ಡ್ ಸ್ಟೋರೇಜಿಗೆ.
ಅಲ್ಲಿ ಮಳೆಗಾಲವಿಲ್ಲ, ಬೇಸಿಗೆಯಿಲ್ಲ,
ವರ್ಷವಿಡೀ ಸೊನ್ನೆಗಿಂತ ಹದಿನೆಂಟು ಕೆಳಗೆ.
ಬಾಗಿಲ ಈಚೆ ಹುಟ್ಟಿದ ಬೆವರು
ಆಚೆ ಹೋಗುವಷ್ಟರಲ್ಲಿ ಹುಬ್ಬಿನ ಮೇಲೆ ಕಲ್ಲುಪ್ಪು.

ಗವಸಿಗೆಂದು ಮಾಲೀಕರು ದುಡ್ಡು ಕೊಟ್ಟದ್ದು
ಎಂಟು ವರ್ಷಕ್ಕೆ ಮೊದಲ ಸಲ.
"ಶೇವಂತೀ, ನೀನೇ ಆರಿಸಿ ತಾ,
ನಿನ್ನ ಕೈಗೆ ಗೊತ್ತು" ಅಂದರು.

ನನ್ನ ಕೈಗೆ ಗೊತ್ತಿರುವುದು ಇಷ್ಟು:
ಮೊದಲು ಉರಿ,
ಆಮೇಲೆ ಜೋಮು,
ಆಮೇಲೆ ಏನೂ ಇಲ್ಲ.
ಹೆದರಬೇಕಾದ್ದು ಆ ಏನೂ ಇಲ್ಲಕ್ಕೆ.
ಅದರೊಳಗೇ ಪಿಯೆದಾದ ಬೆರಳು ಕೊಯ್ದುಕೊಂಡು,
ಬಾಂಗಡೆಯದೇ ರಕ್ತವೆಂದು
ಇನ್ನೂ ಎರಡು ಕ್ರೇಟು ತುಂಬಿದ್ದಳು.

ಹಳದಿ ರಬ್ಬರಿನದು ತೆಗೆದ. ಪಾತ್ರೆ ತೊಳೆಯುವವರದು.
ನೀರನ್ನು ಹೊಸ್ತಿಲಲ್ಲೇ ತಡೆಯುತ್ತದೆ,
ಥಂಡಿಗೆ ಮಾತ್ರ ಮಣೆ ಹಾಕಿ ಕೂರಿಸುತ್ತದೆ.
ಹತ್ತಿಯದು ಬೇಡ. ಒಣಗಿದ್ದಾಗ ಅಕ್ಕ,
ಒದ್ದೆಯಾದರೆ ಸವತಿ.
ಚರ್ಮದ್ದು ಚೆಂದ. ಮುಖಕ್ಕೆ ಹಿಡಿದು ಮೂಸಿಯೂ ನೋಡಿದೆ.
ಉಪ್ಪುನೀರು ಕುಡಿದು ಒಣಗಿದರೆ
ನಾಲ್ಕೇ ದಿನಕ್ಕೆ ಹಪ್ಪಳ.

ಕೊನೆಗೆ ಕಿತ್ತಳೆ ಬಣ್ಣದ್ದು.
ಹೊರಗೆ ದಪ್ಪ ಪ್ಲಾಸ್ಟಿಕ್ಕು, ಒಳಗೆ ಕುರಿಮರಿಯ ಹೊಟ್ಟೆ,
ಮೊಣಕೈ ಮುಟ್ಟುವ ತೋಳು.
ಕೈ ತೂರಿಸಿದೆ.
ಬೆರಳುಗಳ ಮುಂದೆ ಇನ್ನೂ ಒಂದು ಗೇಣು ಊರು.

"ಚಿಕ್ಕದು ತೋರಿಸು."
"ಚಿಕ್ಕದು ಯಾರೂ ಕೇಳೋದಿಲ್ಲ ಬಾಯೀ,
ಇದೆಲ್ಲ ಹೆಂಗಸ್ರು ತಗೊಳ್ಳೋದಿಲ್ಲ."
ನಾವು ಹದಿಮೂರು ಜನ, ಅದರಲ್ಲಿ ಹನ್ನೊಂದು ಹೆಂಗಸರು.
ಇಷ್ಟು ವರ್ಷ ತಗೊಂಡದ್ದು ಮಕ್ಕಳ ಹರಿದ ಸಾಕ್ಸು,
ಮೇಲೆ ಹಾಲಿನ ಕವರು, ಮಣಿಕಟ್ಟಿಗೆ ರಬ್ಬರ್ ಬ್ಯಾಂಡು.
ಹೇಳಲಿಲ್ಲ. ಸುಮ್ಮನೆ ನಿಂತೆ.
ನಾನು ನಿಂತ ರೀತಿ ನೋಡಿ ಅವನು ಏಣಿ ಹತ್ತಿದ.
ಅಟ್ಟದ ಮೂಲೆಯಿಂದ, ಕೆಮ್ಮುತ್ತಾ,
ಎಂಟನೇ ನಂಬರಿನ ಒಂದು ಕಟ್ಟು.

ಕೌಂಟರಿನ ಮೇಲೆ ಒಂದು ರೂಪಾಯಿ ಇಟ್ಟೆ.
ಗವಸು ತೊಟ್ಟು ಎತ್ತಲು ನೋಡಿದೆ.
ಒಂದು ಸಲ ಜಾರಿತು, ಎರಡನೆಯದಕ್ಕೂ ಜಾರಿತು,
ಮೂರನೆಯದಕ್ಕೆ ಬಂತು.
ಶೆಟ್ಲಿಯ ಬೆನ್ನಿನ ನರ ರೂಪಾಯಿಗಿಂತ ತೆಳು,
ಆದರೂ ಇದು ಕಲಿಯುವ ಕೈ, ಕಲಿತೀತು.
ಬಿಗಿಯಾದರೂ ಥಂಡಿಯೇ.
ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಬೇಕು,
ಬಿಸಿಗಾಳಿ ಕಾಲು ಮಡಚಿ ಕೂರುವುದಕ್ಕೆ.

ಇನಾಸನಿಗೆ ಮಾತ್ರ ದೊಡ್ಡದು.
ಐಸು ಪುಡಿ ಮಾಡುವ ಯಂತ್ರ ಅವನ ಕಿರುಬೆರಳು ತಿಂದಿದೆ.
ಖಾಲಿ ಬೆರಳು ತೂಗಾಡುತ್ತಿದ್ದರೆ
ರುಚಿ ಕಂಡ ಬಾಯಿ, ಮತ್ತೆ ಕೇಳುತ್ತದೆ.
ಅದನ್ನು ಕತ್ತರಿಸಿ, ಬಲೆಯ ದಾರದಲ್ಲಿ ಹೊಲಿದು,
ಮೇಲೆ ಪಂಕ್ಚರ್ ಅಂಗಡಿಯ ಸಲ್ಯೂಶನ್ ಬಳಿಯಬೇಕು.
ಆ ಕೆಲಸ ನನ್ನದು, ಇವತ್ತು ರಾತ್ರಿ.

"ಹದಿಮೂರಾ?" ಬಿಲ್ಲಿನ ಪುಸ್ತಕ ತೆರೆದ.
ದುಡ್ಡು ಇದ್ದದ್ದೂ ಹದಿಮೂರಕ್ಕೇ.
ಆದರೆ ಒಳಗಿನ ಬೆವರು ಆರುವುದಕ್ಕೆ ಒಂದು ದಿನ ಬೇಕು.
ಆರದ ಉಣ್ಣೆಯೊಳಗೆ ಕೈ ಹಾಕುವುದೂ ಒಂದೇ,
ಮೀನಿನ ಹೊಟ್ಟೆಯೊಳಗೆ ಹಾಕುವುದೂ ಒಂದೇ.
"ಇಪ್ಪತ್ತಾರು ಬರಿ.
ಉಳಿದ ಅರ್ಧ ಮಾಲೀಕರ ಲೆಕ್ಕಕ್ಕೆ."
ಪೆನ್ನು ನಿಂತಿತು. "ಅವರು ಹೇಳಿದಾರಾ?"
"ನಿನ್ನ ಕೈಗೆ ಗೊತ್ತು ಅಂತ ಹೇಳಿದಾರೆ."

ಟೆಂಪೋದಲ್ಲಿ ಚೀಲ ತೊಡೆಯ ಮೇಲೆ.
ಆಚೆ ಕಡಲು ಕಾದ ತಗಡಿನ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು.
ಬೈಗುಳ ಹೇಗೂ ನಾಳೆಗೆ ಇದೆ.
ಬಲಗೈ ಒಂದನ್ನು ಗವಸಿನೊಳಗೆ ಇಟ್ಟು ಕೂತೆ.
ಎರಡು ನಿಮಿಷಕ್ಕೆ ಬೆವರಿತು, ತುರಿಸಿತು.
ಪಕ್ಕದ ಹುಡುಗಿ ನನ್ನ ಕೈ ನೋಡಿದಳು, ಮುಖ ನೋಡಿದಳು.
ಬಂದರದ ತಿರುವಿನವರೆಗೂ ತೆಗೆಯಲಿಲ್ಲ.