ಒಂದಿನದ ಬಾಡಿಗಿ

ಹುಬ್ಬಳ್ಳಿ ಕೊಪ್ಪೀಕರ ರಸ್ತೆದಾಗ ಅಂವಾ ಹೇಳಿದ:
"ಹಳೇ ಬಾಡಿಗೆ ಹದಿನೆಂಟು ಸಾವಿರ. ಅದೂ ನಿಮ್ಮ ಮಾರಿ ನೋಡಿ."
ಹೊಸಾದಕ್ಕ ಒಂದು ಲಕ್ಷ ಎಂಬತ್ನಾಲ್ಕು.
ನಡುವಿನ ರೊಕ್ಕ ನನ್ನ ಮಾರಿ ನೋಡಕೋತ ಕುಂತಿತು.
"ಒಂದಿನ ಬಾಡಿಗಿಗೆ ಒಯ್ರಿ, ಕುದರಿಮೋತಿ ಅವರ. ಆಮ್ಯಾಲೆ ಮಾತು."

ಬೆಟಗೇರಿತನಕ ಬಸ್ಸಿನಾಗ
ತೊಡಿ ಮ್ಯಾಲೆ ಕೂಡಿಸಿಕೊಂಡು ತಂದೆ,
ಬ್ಯಾರೇವರ ಕೂಸಿನ್ಹಂಗ.

ನಂದು ಹನ್ನೊಂದು ವರ್ಷದ್ದು.
ಎರಡು ಲಕ್ಷ ಹದಿನಾಲ್ಕು ಸಾವಿರ ಸಲ ಕಣ್ಣು ಮಿಟಿಕಿಸೈತಿ.
ಹಿಡಿಕಿ ರಬ್ಬರ್ ಕಿತ್ತು ಬಂದಾಗ
ಪಂಕ್ಚರ್ ಅಂಗಡಿ ಇಮಾಮಸಾಬ
ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿಕೊಟ್ಟ.
ಬ್ಯಾಸಗಿ ಲಗ್ನದಾಗ ಅಂಗೈ ಬೆವತ್ರ
ಬುಂದೆ ಲಾಡಿಗೂ ಟ್ಯೂಬಿನ ವಾಸನಿ.
ಕತ್ತಲಾಗ ಅದಕ್ಕ ಕಾಣೂದಿಲ್ಲ ಅಂತಲ್ಲ,
ಕಂಡದ್ದರ ಮ್ಯಾಲೆಲ್ಲಾ ಉಪ್ಪಿಟ್ಟಿನ ರವಾ ಚೆಲ್ಲತೈತಿ.

ಮಗ್ಗದ ಕುಣಿಯೊಳಗ ಕುಂತಿದ್ಲು ನೀಲಗಂಗವ್ವ.
ಒಂದು ಸಣ್ಣ ಬಲ್ಬು, ಅದರ ಮ್ಯಾಲೂ ನೂಲಿನ ಧೂಳು.
ಹೊಸಾದು ಎತ್ತಿದೆ. ಕತ್ತಲು ಅದಕ್ಕ ಕತ್ತಲಾಗಿರಲಿಲ್ಲ.
ನಾ ಹುಡುಕೂಕಿಂತ ಮೊದಲ ಆಕಿ ಕಣ್ಣಿನ ಸುತ್ತ
ಹಸರು ಚೌಕ. ಆಕಿ ಹೊಳ್ಳಿದ್ರ ಅದೂ ಹೊಳ್ಳಿತು,
ಲಾಳಿ ಅಡ್ಡ ಹಾಯ್ದ್ರೂ ಬಿಡಲಿಲ್ಲ.
ದೊಡ್ಡದು ಮಾಡಿ ನೋಡಿದೆ:
ರೆಪ್ಪಿ ಮ್ಯಾಲೆ ಒಂದು ಕೆಂಪು ಎಳಿ, ಖಣದ ಅಂಚಿಂದು.
ಹನ್ನೊಂದು ವರ್ಷದಾಗ ಇಂಥಾ ಎಳಿ
ಎಷ್ಟು ತಪ್ಪಿಸಿಕೊಂಡ್ವೊ.
ಸುಳ್ಳು ಯಾಕ ಹೇಳ್ಲಿ, ಆಶಾ ಆತು.

ನೀಲಗಂಗವ್ವ ಇನ್ನೂ ಉಸಿರು ಹಿಡಕೊಂಡ ಕುಂತಿದ್ಲು,
ಬೆನ್ನು ನೆಟ್ಟಗ, ತುಟಿ ಬಿಗದು.
"ಹೊಡಿಯೋ ತಮ್ಮಾ, ಎಷ್ಟೊತ್ತು?"
ನಲವತ್ತು ಹೊಡದಿದ್ದೆ.
"ಸಪ್ಪಳ ಆಗಲಿಲ್ಲಲ್ಲ" ಅಂದ್ಲು
ಮಗ್ಗದ ಮನಿಯಾಕಿ,
ಸಪ್ಪಳ ಇಲ್ಲದ್ದನ್ನ ಕೆಲಸ ಅಂತ ನಂಬದಾಕಿ.

ನಂದು ಖಟಕ್ ಅಂತೈತಿ.
ಆ ಖಟಕ್ಕಿಗೆ ಮದುಮಗಳು ಹೆಗಲು ಇಳಸ್ತಾಳ,
ಬೀಗರು ನಗೂದು ನಿಲ್ಲಸ್ತಾರ.
ನಿಲ್ಲಿಸಿದ ಮ್ಯಾಲೆ ನಾ ಇನ್ನೊಂದು ಹೊಡೀತೀನಿ.
ಅದ ನನ್ನ ಅನ್ನ.

ರಾತ್ರಿ ಬಿಲ್ ಬುಕ್ಕಿನ ಬೆನ್ನಿಗೆ ಲೆಕ್ಕಾ ಹಾಕಿದೆ.
ಹದಿನಾರು ಲಗ್ನ, ಆರು ಕುಬುಸ, ಒಂದು ಸಾಲಿಯ ಗುರುತಿನ ಚೀಟಿ.
ಯಾವ ಬೀಗರೂ ಯಾವ ಕ್ಯಾಮೆರಾ ಅಂತ ಕೇಳಿಲ್ಲ,
ಅಲ್ಬಮ್ ಎತ್ತಿ ತೂಕ ನೋಡ್ತಾರ, ಅಷ್ಟ.
ಮಂಟಪದಾಗ ಬೆಳಕಿಗೂ ಬರಾ ಇಲ್ಲ,
ವಿಡಿಯೋದಂವ ಹೊತ್ತು ತರ್ತಾನ.
ಕೂಡಿಸಿ ಕಳದ್ರ ಬ್ಯಾಡ ಅಂತ ಬಂತು.
ಇನ್ನೊಮ್ಮೆ ಕೂಡಿಸಿದೆ, ಆ ಎಳಿ ಒಂದನ್ನ ಸೇರಿಸಿ.
ಲೆಕ್ಕ ಹೊಂದಲಿಲ್ಲ.

ಮುಂಜಾನೆ ಹೊಳ್ಳಿ ಕೊಡಾಕ ಹೋದೆ.
"ಹಳೇದಕ್ಕ ಹೊಸ ಶಟರ್ ಹಾಕ್ರಿ."
"ಒಂಬತ್ತು ಸಾವಿರ ಆಗತೈತಿ. ಅದರ ಅರ್ಧ ಬೆಲಿ."
"ಆಗವಲ್ಲದ್ಯಾಕ. ಸಪ್ಪಳ ಮೊದಲಿಂದ ಇರಲಿ."
ಅಂವಾ ನಕ್ಕ. ರಸೀದಿ ಹರದ.

ಕಾರ್ಡು ಮಾತ್ರ ನಂದು, ಕಿಸೇದಾಗ ಇಟಗೊಂಡೆ.
ನಲವತ್ತರಾಗ ಮೂವತ್ತೊಂಬತ್ತು ಅಳಿಸೀನಿ.

ಅಣ್ಣಿಗೇರಿ ದಾಟೂತನಕ ಬಸ್ಸಿನಾಗ
ಕಣ್ಣು ಉಜ್ಜಿಕೋತನ ಇದ್ದೆ,
ರೆಪ್ಪಿ ಮ್ಯಾಲೆ ಏನೋ ಇದ್ದಂಗ.