ಮೂರನೆಯ ಗೂಡಿನ ಲೆಕ್ಕ

ಬ್ರೋಕನ್ ಹಿಲ್‌ನಲ್ಲಿ ಫೆಬ್ರವರಿ ಎಂದರೆ
ಕಿಟಕಿ ಸಂದಿಯಲ್ಲಿ ಕೆಂಪು ಧೂಳು,
ಹತ್ತನೆಯ ತರಗತಿಗೆ ಅನುವಂಶೀಯತೆ.
ಮನೆಗೆಲಸ ಕೊಟ್ಟವಳು ನಾನೇ:
ಮೂರು ತಲೆಮಾರು ಬರೆದು ತನ್ನಿ,
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ಕಣ್ಣಿನ ಬಣ್ಣ ಪಕ್ಕದಲ್ಲಿ.

ಕೀರನ್ ಟ್ರೆಲೋರ್ ತಂದ ಹಾಳೆಯಲ್ಲಿ
ಅಮ್ಮನ ಕಡೆ ಸಂತೆ.
ಅಜ್ಜ, ಅಜ್ಜಿ, ಮೂವರು ಚಿಕ್ಕಮ್ಮಂದಿರು,
ಹುಟ್ಟಿದ ದಿನವೇ ಹೋದ ಕೂಸಿಗೂ
ಒಂದು ಪುಟ್ಟ ಚೌಕ.
ಅಪ್ಪನ ಕಡೆ ಒಂದೇ.
ಬರೆದು ಅಳಿಸಿ, ಬರೆದು ಅಳಿಸಿ
ಕಾಗದ ಅಲ್ಲಿ ತೆಳ್ಳಗಾಗಿತ್ತು.
ಅದರಿಂದ ಯಾವ ಗೆರೆಯೂ ಕೆಳಗಿಳಿದಿರಲಿಲ್ಲ.
"ಇವನ ಕಣ್ಣು ಯಾವ ಬಣ್ಣ ಅಂತ
ಯಾರನ್ನ ಕೇಳಲಿ, ಮಿಸ್?"
ಗಂಟೆ ಹೊಡೆಯಿತು, ನನ್ನ ಪುಣ್ಯ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು.
ಗುಳೇದಗುಡ್ಡದಲ್ಲಿ ಮಗ್ಗದ ಕುಣಿಗೆ ಕಾಲಿಳಿಬಿಟ್ಟು
ಅವ್ವ ಹೇಳುತ್ತಿದ್ದ ಗಾದೆ.
ನೇಯುವ ಕೈಗೆ ಮಾತ್ರ ಗೊತ್ತಿತ್ತು
ಗಾದೆ ನುಂಗಿಕೊಂಡ ಅರ್ಧ:
ಹಾಸು ಒಬ್ಬರದು, ಹೊಕ್ಕು ಇನ್ನೊಬ್ಬರದು.
ಒಂದೆಳೆ ಮೇಲೆ ಕಂಡಾಗ
ಇನ್ನೊಂದು ಅಡಿಯಲ್ಲಿರುತ್ತದೆ,
ಹರಿದಿರುವುದಿಲ್ಲ.

ಮನೆಗೆಲಸ ರದ್ದು ಮಾಡಿದೆ.
ಬದಲಿಗೆ ಕೀರನ್‌ನ ಅಜ್ಜ ಡೆನ್ಜಿಲ್‌ನ ಹಿತ್ತಲು,
ತಗಡಿನ ಶೆಡ್ಡು, ನವಣೆಯ ತೆನೆ,
ಬಜರಿಗಾರ್‌ಗಳ ಕಿವಿಗಡಚಿಕ್ಕುವ ಗದ್ದಲ.
ಸತುವಿನ ಗಣಿಗೆ ಕಿವಿ ಕೊಟ್ಟು ಬಂದವನಿಗೆ
ಅದೊಂದು ಹಿತವಾದ ಪಿಸುಮಾತು.

ಮೂರನೆಯ ಗೂಡಿನಲ್ಲಿ ಹಸಿರು ಜೋಡಿ.
"ಇವೆರಡರ ತಾಯಂದಿರೂ ನೀಲಿ"
ಅಂದ ಅಜ್ಜ, ಬೀಡು ಬಿಟ್ಟ ಹಲ್ಲಲ್ಲಿ ನಗುತ್ತ.
ಮಕ್ಕಳು ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ
ನಾಲ್ಕು ಮನೆ ಎಳೆದರು.
ಹಸಿರಿಗೆ ದೊಡ್ಡಕ್ಷರ, ನೀಲಿಗೆ ಚಿಕ್ಕದು.
(ನನ್ನ ಲಿಪಿಯಲ್ಲಿ ಆ ಭೇದವೇ ಇಲ್ಲ.
ನಮ್ಮ ಹಡಪದ ಮೇಷ್ಟ್ರು ಒಂದೇ ಅಕ್ಷರವನ್ನು
ದಪ್ಪಗೊಮ್ಮೆ, ಸಣ್ಣಗೊಮ್ಮೆ ಬರೆದು
ಬೆವರು ಒರೆಸಿಕೊಂಡಿದ್ದರು.)
ಮೂರು ಮನೆ ಹಸಿರು, ಒಂದು ನೀಲಿ.
ಎಲ್ಲರೂ ಬರೆದುಕೊಂಡರು.

ಐದು ಮೊಟ್ಟೆ ಒಡೆದವು.
ಪುಕ್ಕ ಬರುವವರೆಗೂ ಕಾದೆವು.
ಐದೂ ಹಸಿರು.
"ಪುಸ್ತಕ ಸುಳ್ಳು" ಎಂದಳು ಮೆರಿಡಿತ್.
ಅಜ್ಜ ಮಾತಾಡದೆ ಜೇಬಿನಿಂದ
ಇಪ್ಪತ್ತು ಸೆಂಟಿನ ಎರಡು ನಾಣ್ಯ ತೆಗೆದ.
ಎರಡಕ್ಕೂ ಪ್ಲಾಟಿಪಸ್ ಬಿದ್ದರೆ ನೀಲಿ,
ಬೇರೇನು ಬಿದ್ದರೂ ಹಸಿರು. ಎಸೀರಿ.
ಮೊದಲ ಒಂಬತ್ತು ಸಲ ನೀಲಿಯ ಸುಳಿವಿಲ್ಲ.
ಆಮೇಲೆ ಬೆನ್ನುಬೆನ್ನಿಗೆ ಮೂರು.
ನೂರು ಎಸೆತ ಮುಗಿಯುವಾಗ ಇಪ್ಪತ್ತೆರಡು.
ಹಿಂದಿನ ಮೊಟ್ಟೆ ಏನಾಯಿತೆಂದು
ಮುಂದಿನ ಮೊಟ್ಟೆಗೆ ಯಾರೂ ಹೇಳಿರುವುದಿಲ್ಲ.

ಎರಡನೆಯ ಸರದಿಗೆ ನಾಲ್ಕು ಮರಿ,
ಮೂರು ನೀಲಿ.
ಮೆರಿಡಿತ್ ಮತ್ತೆ ದೂರಿದಳು.

ಕೀರನ್ ಮಾತ್ರ ಹಸಿರು ಮರಿಯೊಂದನ್ನು
ಅಂಗೈಯಲ್ಲಿ ಮಗುಚಿ ನೋಡುತ್ತಿದ್ದ.
ಇದರೊಳಗೆ ನೀಲಿ ಇದೆಯಾ?
ಇರಬಹುದು, ನೋಡಿದರೆ ತಿಳಿಯದು.
ಮತ್ತೆ ತಿಳಿಯೋದು ಹೇಗೆ?
ಇದರ ಮಕ್ಕಳನ್ನು ಕೇಳಬೇಕು, ಎಂದೆ.

ರದ್ದಾದ ಮನೆಗೆಲಸವನ್ನು
ಶುಕ್ರವಾರ ಅವನು ಮೇಜಿನ ಮೇಲಿಟ್ಟು ಹೋದ.
ಅದೇ ಹಾಳೆ, ಅದೇ ತೆಳ್ಳಗಿನ ಜಾಗ.
ಚೌಕದಲ್ಲಿ ಹೆಸರಿಲ್ಲ. ಆದರೆ ಅಲ್ಲಿಂದ
ಅಳತೆಪಟ್ಟಿ ಹಿಡಿದು ಎಳೆದ ಗೆರೆ
ನೇರ ಅವನಿಗೇ ಇಳಿದಿತ್ತು.
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ:
ಅಮ್ಮ ನೀಲಿ. ನಾನು ಕಂದು.
ಹಾಗಾದರೆ ಇವನು ಬಹುಶಃ ಕಂದು.

ಕಣ್ಣಿನ ಬಣ್ಣ ಒಂದೇ ಜೀನಿನ ಕೆಲಸವಲ್ಲ,
ಹಕ್ಕಿಯ ಪುಕ್ಕದಷ್ಟು ಸರಳವಲ್ಲ ಎಂದು
ಕೆಂಪು ಪೆನ್ನಿನಲ್ಲಿ ಬರೆಯಬೇಕಿತ್ತು.
'ಬಹುಶಃ' ಎಂಬುದರ ಕೆಳಗೆ
ಅವನೇ ಎರಡು ಗೆರೆ ಹಾಕಿದ್ದ.
ಪೆನ್ನಿನ ಮುಚ್ಚಳ ಹಾಕಿದೆ.